ಕಾರು ಮನೆಗೆ ಬಂದ ಮೇಲೆ ಇನ್ನೂ 60 ಸಾವಿರ ಕೇಳುತ್ತಿದ್ದಾರೆ, ಜಾಮೀನುದಾರರೂ ಬೇಕಂತೆ

ಹೊಸನಗರ ತೋಟ · ಶನಿವಾರ, ಬೆಳಿಗ್ಗೆ 6:50

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನವನು, ಮೂರು ಎಕರೆ ಅಡಿಕೆ ತೋಟ ಇದೆ. ರಾತ್ರಿ ನಿದ್ದೆ ಬಂದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ಮೇಲೆ ಕಾರು ತಗೊಳ್ಳೋಣ ಅಂತ ಮನೆಯಲ್ಲಿ ತೀರ್ಮಾನ ಆಯಿತು. ಅಪ್ಪನಿಗೆ ತಿಂಗಳಿಗೆ ಎರಡು ಸಲ ಶಿವಮೊಗ್ಗದ ಆಸ್ಪತ್ರೆಗೆ ಹೋಗಬೇಕು. ಮಳೆಯಲ್ಲಿ ಬೈಕಿನಲ್ಲಿ ಕರೆದುಕೊಂಡು ಹೋಗೋದು ಆಗೋದಿಲ್ಲ. ಶಿವಮೊಗ್ಗದ ಒಂದು ಶೋರೂಮಿಗೆ ಹೋದೆವು. ಆನ್ ರೋಡ್ 9 ಲಕ್ಷ 60 ಸಾವಿರ. ನಾವು ಕೈಯಿಂದ 1 ಲಕ್ಷ 60 ಸಾವಿರ ಕಟ್ಟಿದೆವು, 8 ಲಕ್ಷ ಸಾಲ. ಸಾಲವನ್ನು ಶೋರೂಮಿನ ಒಳಗೇ ಕೂತಿದ್ದ ಫೈನಾನ್ಸ್ ಹುಡುಗ ಮಾಡಿಸಿಕೊಟ್ಟ. "7 ಪರ್ಸೆಂಟ್ ಸಾರ್, 60 ತಿಂಗಳು, ಕಂತು 18 ಸಾವಿರ" ಅಂದ. ಕಾಗದದ ಕಟ್ಟು ಮುಂದಿಟ್ಟ. ಸಹಿ ಹಾಕೋ ಜಾಗಕ್ಕೆಲ್ಲ ಪೆನ್ಸಿಲ್‌ನಲ್ಲಿ ಮೊದಲೇ ಗುರುತು ಹಾಕಿ ಇಟ್ಟಿದ್ದ. ಅವನು ಹಾಳೆ ತಿರುವುತ್ತಾ ಹೋದ, ನಾನು ಸಹಿ ಹಾಕುತ್ತಾ ಹೋದೆ. ಖಾಲಿ ಚೆಕ್ಕು 4 ಕೊಟ್ಟೆ. ಹೊರಗೆ ಬಾನೆಟ್ಟಿಗೆ ಚೆಂಡು ಹೂವಿನ ಹಾರ ಹಾಕಿ ಅಮ್ಮ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದಳು. ಆಯುಧ ಪೂಜೆಯ ಹಿಂದಿನ ದಿನ. ಯಾರು ಓದುತ್ತಾರೆ ಹೇಳಿ.

ಈಗ 11 ದಿನ ಆಯಿತು. ನಿನ್ನೆ ರಾತ್ರಿ 9:40ಕ್ಕೆ ಫೋನು. "ಸಾರ್, ನಿಮ್ಮ ಫೈಲ್ ವಾಪಸ್ ಬಂದಿದೆ. ಪಹಣಿ ನಿಮ್ಮ ತಂದೆ ಹೆಸರಲ್ಲಿದೆ. 60 ಸಾವಿರ ಹೆಚ್ಚಿಗೆ ಕಟ್ಟಿ, ಒಬ್ಬ ಸರ್ಕಾರಿ ನೌಕರನ ಜಾಮೀನು ಕೊಡಿ. ಇಲ್ಲ ಅಂದ್ರೆ ಸೋಮವಾರ ಗಾಡಿ ಎತ್ತಿಕೊಂಡು ಹೋಗ್ತೀವಿ."

ಅಡಿಕೆ ಕೊಯ್ಲು ಇನ್ನೂ ಶುರು ಆಗಿಲ್ಲ. ಎಲೆಚುಕ್ಕೆ ರೋಗದಿಂದ ಈ ಸಲ ಫಸಲೂ ಕಡಿಮೆ. ಕೈಯಲ್ಲಿ 60 ಸಾವಿರ ಇಲ್ಲ. ಹೀಗೆ ಕೇಳೋ ಹಕ್ಕು ಅವರಿಗಿದೆಯಾ? ಗಾಡಿ ಎತ್ತಿಕೊಂಡು ಹೋಗಬಹುದಾ?

ಭದ್ರಾವತಿ ಅಕ್ಕ · ಶನಿವಾರ, ಬೆಳಿಗ್ಗೆ 7:15

ಮೊದಲು ಧೈರ್ಯ ತಗೊಳ್ಳಿ. ಯಾವ ಕಾರಣಕ್ಕೂ ಸೋಮವಾರದ ಒಳಗೆ ದುಡ್ಡು ಹಾಕಬೇಡಿ. ಅಮ್ಮನ ಬಂಗಾರ ಅಡ ಇಡೋ ಯೋಚನೆ ಇದ್ದರೆ ಅದನ್ನೂ ಬಿಡಿ. ಗೊತ್ತಿರುವವರು ಇಲ್ಲಿದ್ದಾರೆ, ಉತ್ತರ ಬರುತ್ತದೆ.

ನಿವೃತ್ತ ಬ್ಯಾಂಕಿನವ, ಸಾಗರ · ಶನಿವಾರ, ಬೆಳಿಗ್ಗೆ 8:05

ತಮ್ಮಾ, 31 ವರ್ಷ ಬ್ಯಾಂಕಿನಲ್ಲಿ ಸಾಲದ ಕೆಲಸವನ್ನೇ ಮಾಡಿದವನು ನಾನು. ಮೊದಲು ಮೂರು ವಿಷಯ ನೋಡಿ ಹೇಳಿ.

ಫೋನ್ ಮಾಡಿದ್ದು ಯಾರು? ಶೋರೂಮಿನವರೋ, ಸಾಲ ಕೊಟ್ಟ ಕಂಪನಿಯವರೋ? ಇಬ್ಬರೂ ಬೇರೆ ಬೇರೆ. ನಿಮ್ಮ ಒಪ್ಪಂದ ಇಬ್ಬರ ಜೊತೆಗೂ ಬೇರೆ ಬೇರೆ. ನಮ್ಮ ಜನ ಸೋಲುವುದು ಇಲ್ಲೇ. ಮೇಜು ಒಂದೇ ಅಂತ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಗಾಡಿಯ ಆರ್‌ಸಿ ಆಗಿದೆಯಾ? ಆಗಿದ್ದರೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ತೆಗೆದು ನೋಡಿ. ಹೈಪೋಥಿಕೇಶನ್, ಅಂದರೆ ಗಾಡಿ ಯಾರಿಗೆ ಅಡ ಇದೆ ಅನ್ನೋ ಕಡೆ ಸಾಲದ ಕಂಪನಿಯ ಹೆಸರು ಬಂದಿದೆಯಾ?

ಮೊಬೈಲಿನಲ್ಲಿ ಹಳೆಯ ಮೆಸೇಜುಗಳನ್ನು ಹುಡುಕಿ. ಸಾಲದ ಖಾತೆ ಸಂಖ್ಯೆ, "ಡಿಸ್‌ಬರ್ಸ್ ಆಗಿದೆ" (ಸಾಲದ ಹಣ ಬಿಡುಗಡೆ ಆಗಿದೆ) ಅನ್ನೋ ಮೆಸೇಜು ಏನಾದರೂ ಇದೆಯಾ?

ಇನ್ನೊಂದು ಮಾತು. ವಸೂಲಿಗೆ ಅಂತ ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಸಾಲಗಾರನಿಗೆ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ರಾತ್ರಿ 9:40ರ ಆ ಕರೆಯ ವಿವರವನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ.

ಹೊಸನಗರ ತೋಟ · ಶನಿವಾರ, ಬೆಳಿಗ್ಗೆ 9:30

ಸಾರ್, ನೋಡಿದೆ. ಆರ್‌ಸಿ ಆಗಿದೆ, ಕೆಎ-14 ನಂಬರು. ಸಾಲದ ಕಂಪನಿಯ ಹೆಸರು ಅದರಲ್ಲಿ ಇದೆ. ಮೆಸೇಜೂ ಸಿಕ್ಕಿತು. ಕಾರು ಕೊಡುವ ಎರಡು ದಿನ ಮೊದಲೇ ಬಂದಿದೆ. ಇಂಗ್ಲಿಷಿನಲ್ಲಿತ್ತು, ನೂರು ಮೆಸೇಜಿನ ನಡುವೆ ನೋಡಿರಲೇ ಇಲ್ಲ. 8,00,000 ಮಂಜೂರು, 7,41,060 ಬಿಡುಗಡೆ ಅಂತ ಇದೆ.

ಫೋನ್ ಮಾಡಿದ್ದು ಶೋರೂಮಿನ ಅದೇ ಫೈನಾನ್ಸ್ ಹುಡುಗ.

ನಿವೃತ್ತ ಬ್ಯಾಂಕಿನವ, ಸಾಗರ · ಶನಿವಾರ, ಬೆಳಿಗ್ಗೆ 9:52

ಸರಿ, ಗಂಟು ಸಿಕ್ಕಿತು.

ಸಾಲ ಪಾಸ್ ಆಗಿದೆ. ದುಡ್ಡು ಶೋರೂಮಿಗೆ ಹೋಗಿದೆ. ಆರ್‌ಸಿ ಮೇಲೆ ಹೆಸರು ಬಂದಿದೆ ಅಂದರೆ ಅಡ ನಮೂದಿಸುವ ಫಾರಂ 34 ಆರ್‌ಟಿಒ ಕಚೇರಿಗೆ ಹೋಗಿ ಕೆಲಸ ಮುಗಿದಿದೆ. "ಫೈಲ್ ವಾಪಸ್ ಬಂದಿದೆ" ಅನ್ನೋ ಮಾತು ನಿಲ್ಲೋದಿಲ್ಲ. 8,00,000ದಲ್ಲಿ 7,41,060 ಕಳೆಯಿರಿ. 58,940 ಉಳಿಯಿತು. ಅವರು ಕೇಳುತ್ತಿರುವ 60 ಸಾವಿರ ಇದೇ. ಸಾಲ ಕೊಟ್ಟವರು ಏನೇನೋ ಮುರಿದುಕೊಂಡು ಉಳಿದದ್ದನ್ನು ಶೋರೂಮಿಗೆ ಕಳಿಸಿದ್ದಾರೆ. ಶೋರೂಮಿನ ಲೆಕ್ಕದಲ್ಲಿ ಅಷ್ಟು ಕಡಿಮೆ ಬಿದ್ದಿದೆ. ಅದನ್ನು ನಿಮ್ಮ ಹತ್ತಿರ ನೇರವಾಗಿ ಹೇಳುವ ಬದಲು ಪಹಣಿ, ಜಾಮೀನು ಅಂತ ಹೆದರಿಸಿದ್ದಾರೆ.

ಏನು ಮುರಿದರು ಅಂತ ಗೊತ್ತಾಗಬೇಕು. ಅದಕ್ಕೆ ಒಂದು ಕಾಗದ ಇದೆ. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತಾರೆ, ಸಾಲದ ಮುಖ್ಯ ಅಂಶಗಳ ಪಟ್ಟಿ. 2024ರ ಅಕ್ಟೋಬರ್ 1ರಿಂದ ಬ್ಯಾಂಕಾಗಲಿ, ಫೈನಾನ್ಸ್ ಕಂಪನಿಯಾಗಲಿ, ಜನರಿಗೆ ಕೊಡುವ ಇಂಥ ಪ್ರತಿ ಹೊಸ ಸಾಲಕ್ಕೂ ಇದನ್ನು ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ನೋಡಿ ಯೋಚಿಸಲು ಕನಿಷ್ಠ 3 ಕೆಲಸದ ದಿನ ಕೊಡಬೇಕು. ಅದರಲ್ಲಿ ಬರೆಯದ ಯಾವ ಶುಲ್ಕವನ್ನೂ ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಮುಂದೆ ವಸೂಲಿ ಮಾಡುವಂತಿಲ್ಲ.

ಸಾಲದ ಕಂಪನಿಯ ಗ್ರಾಹಕ ವಿಭಾಗಕ್ಕೆ ಈಗಲೇ ಇಮೇಲ್ ಹಾಕಿ. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್, ಮಂಜೂರಾತಿ ಪತ್ರ, ಸಾಲದ ಒಪ್ಪಂದದ ಪೂರ್ತಿ ಪ್ರತಿ, ಇವತ್ತಿನವರೆಗಿನ ಖಾತೆಯ ವಿವರ ಕೇಳಿ. ಕನ್ನಡದಲ್ಲೇ ಬರೆಯಿರಿ, ಕನ್ನಡದಲ್ಲೇ ಕೊಡಿ ಅಂತ ಕೇಳಿ. ಶೋರೂಮಿನವನಿಗೆ ವಾಟ್ಸಾಪಿನಲ್ಲಿ ಒಂದೇ ಸಾಲು: "ನೀವು ಕೇಳುತ್ತಿರುವ ಹಣ ಯಾವುದಕ್ಕೆ ಅಂತ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ." ಅಷ್ಟೇ ಸಾಕು, ಬೇರೆ ಮಾತು ಬೇಡ.

ಶೋರೂಮಿನಲ್ಲಿದ್ದವ · ಶನಿವಾರ, ಬೆಳಿಗ್ಗೆ 11:20

ನಾನು ಆರು ವರ್ಷ ಕಾರು ಮಾರಾಟದಲ್ಲಿದ್ದೆ. ಈಗ ಬಿಟ್ಟಿದ್ದೇನೆ, ಊರು ಹೇಳೋದಿಲ್ಲ. ಬ್ಯಾಂಕಿನ ಸಾರ್ ಹೇಳಿದ್ದು ಸರಿ.

ಒಳಗಿನ ವ್ಯವಸ್ಥೆ ಹೀಗಿರುತ್ತದೆ. ಕಾರು ಮಾರಿದರೆ ಉಳಿಯೋದು ಕಡಿಮೆ. ಸಾಲ ಮಾಡಿಸಿದರೆ ಸಾಲದ ಕಂಪನಿಯಿಂದ ಕಮಿಷನ್ ಬರುತ್ತದೆ. ವಿಮೆ ಮಾಡಿಸಿದರೆ ಅಲ್ಲಿಂದ, ವಾರಂಟಿ ವಿಸ್ತರಿಸಿದರೆ, ಸೀಟ್ ಕವರ್ ಕಿಟ್ ಕೊಟ್ಟರೆ ಅದರಿಂದ. ಫೈನಾನ್ಸ್ ಮೇಜಿನ ಹುಡುಗನಿಗೆ ತಿಂಗಳಿಗೆ ಇಷ್ಟು ಅಂತ ಟಾರ್ಗೆಟ್ ಇರುತ್ತದೆ. ಬಡ್ಡಿ ಕಡಿಮೆ ಇರುವ ಸಾಲ ತೋರಿಸಿದರೆ ಅವನಿಗೆ ಸಿಗೋದೂ ಕಡಿಮೆ. ಹಬ್ಬದ ವಾರದಲ್ಲಿ ಗಿರಾಕಿಗೆ ಅವಸರ, ಅವನಿಗೂ ಅವಸರ. ಸಹಿಯ ಜಾಗಕ್ಕೆ ಪೆನ್ಸಿಲ್ ಗುರುತು ಹಾಕೋದು ಓದದೆ ಮುಗಿಯಲಿ ಅಂತಲೇ. ನಾನೂ ಹಾಕಿದ್ದೇನೆ. ಈಗ ನೆನೆದರೆ ಬೇಜಾರಾಗುತ್ತದೆ.

ನಿಮ್ಮ 7 ಪರ್ಸೆಂಟ್ ಇದೆಯಲ್ಲ, ಅದು ಫ್ಲಾಟ್ ಬಡ್ಡಿ. ಐದು ವರ್ಷವೂ 8 ಲಕ್ಷ ನಿಮ್ಮ ಹತ್ತಿರವೇ ಇರುತ್ತದೆ ಅನ್ನೋ ಹಾಗೆ ಲೆಕ್ಕ ಹಾಕುತ್ತಾರೆ. ವರ್ಷಕ್ಕೆ 56 ಸಾವಿರ, ಐದು ವರ್ಷಕ್ಕೆ 2 ಲಕ್ಷ 80 ಸಾವಿರ. ಒಟ್ಟು 10 ಲಕ್ಷ 80 ಸಾವಿರ, 60ರಿಂದ ಭಾಗಿಸಿದರೆ 18 ಸಾವಿರ. ಆದರೆ ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬರುತ್ತೀರಿ. ಉಳಿದ ಅಸಲಿಗೆ ಮಾತ್ರ ಬಡ್ಡಿ ಅಂತ ಲೆಕ್ಕ ಹಾಕಿದರೆ ಇದು 12.5 ಪರ್ಸೆಂಟ್ ಹತ್ತಿರ ಬರುತ್ತದೆ. ಅದೇ 8 ಲಕ್ಷ 9 ಪರ್ಸೆಂಟ್ ಇಳಿಕೆ ಬಡ್ಡಿಯಲ್ಲಿ ಸಿಕ್ಕಿದ್ದರೆ ಕಂತು 16,607. ತಿಂಗಳಿಗೆ 1,393 ಉಳಿಯುತ್ತಿತ್ತು, ಐದು ವರ್ಷಕ್ಕೆ 83 ಸಾವಿರದ ಮೇಲೆ.

ಕೊಪ್ಪದ ಟೀಚರ್ · ಶನಿವಾರ, ಮಧ್ಯಾಹ್ನ 1:10

ಈ ಲೆಕ್ಕವನ್ನು ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಮಾಡಿಸಬೇಕು ಅನ್ನಿಸಿತು. 7 ಅಂತ ಕೇಳಿದವರು 12.5 ಕಟ್ಟುತ್ತಾರೆ ಅಂದರೆ ಎಷ್ಟು ಮನೆಗಳಲ್ಲಿ ಹೀಗಾಗಿರಬಹುದು! ನಮ್ಮ ಮನೆಯಲ್ಲೂ ಹಳೆಯ ಕಾರಿನ ಸಾಲ ಹೀಗೇ ಇತ್ತು ಅಂತ ಈಗ ಅನುಮಾನ ಬರುತ್ತಿದೆ.

ಹೊಸನಗರ ತೋಟ · ಸೋಮವಾರ, ಮಧ್ಯಾಹ್ನ 3:45

ಸೋಮವಾರ ಯಾರೂ ಬಂದಿಲ್ಲ. "ಬರೆದುಕೊಡಿ" ಅಂತ ವಾಟ್ಸಾಪ್ ಹಾಕಿದ ಮೇಲೆ ಆ ಹುಡುಗ ಫೋನೂ ಮಾಡಿಲ್ಲ.

ಇವತ್ತು ನಾನೇ ಶಿವಮೊಗ್ಗಕ್ಕೆ ಹೋಗಿ ಸಾಲದ ಕಂಪನಿಯ ಶಾಖೆಯಲ್ಲಿ ಎರಡು ತಾಸು ಕೂತು ಕಾಗದ ತಗೊಂಡು ಬಂದೆ. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಇತ್ತು. ಇಂಗ್ಲಿಷಿನಲ್ಲಿ. ಕೆಳಗೆ ನನ್ನ ಸಹಿ ಇದೆ. ಸಹಿ ನನ್ನದೇ, ಇಲ್ಲ ಅನ್ನೋದಿಲ್ಲ. ಮುರಿದುಕೊಂಡಿದ್ದು ಹೀಗೆ:

ಪ್ರೊಸೆಸಿಂಗ್ ಶುಲ್ಕ ಜಿಎಸ್‌ಟಿ ಸೇರಿ 9,440. ಸಾಲಕ್ಕೆ ಜೀವ ವಿಮೆ 31,500. ಮೊದಲ ಕಂತು ಮುಂಗಡ 18,000.

ಜೀವ ವಿಮೆ ಮಾಡಿಸುತ್ತಾರೆ ಅಂತ ನನಗೆ ಯಾರೂ ಹೇಳೇ ಇಲ್ಲ. ವಾರ್ಷಿಕ ದರ ಅಂತ ಒಂದು ಕಡೆ 14.86 ಅಂತ ಇದೆ. 7 ಎಲ್ಲೂ ಇಲ್ಲ. ಆ ಹಾಳೆ ಹಿಡಿದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಸುಮಾರು ಹೊತ್ತು ಕೂತಿದ್ದೆ.

ನಿವೃತ್ತ ಬ್ಯಾಂಕಿನವ, ಸಾಗರ · ಸೋಮವಾರ, ಸಂಜೆ 4:30

ಶಾಖೆಗೆ ಹೋಗಿ ಕೂತಿದ್ದು ಒಳ್ಳೆಯದಾಯಿತು. ಒಂದೊಂದಾಗಿ ಹೇಳುತ್ತೇನೆ.

14.86 ಅಂದರೆ ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಮಗೆ ನಿಜವಾಗಿ ಬೀಳುವ ದರ. ಸಾಲ ತಗೊಳ್ಳುವಾಗ ಕೇಳಬೇಕಾದ್ದು ಈ ಒಂದು ಅಂಕಿಯನ್ನೇ. ಇದನ್ನು ಆ ಹಾಳೆಯಲ್ಲಿ ಬರೆಯಲೇಬೇಕು, ತಪ್ಪಿಸುವ ಹಾಗಿಲ್ಲ.

ವಿಮೆ: ಸಾಲಕ್ಕೆ ಜೀವ ವಿಮೆ ಕಡ್ಡಾಯ ಅಲ್ಲ. ಸಹಿ ಹಾಕಿದ್ದರೂ ದಾರಿ ಇದೆ. ಪಾಲಿಸಿ ಕಾಗದ ಕೈಗೆ ಬಂದ ದಿನದಿಂದ 30 ದಿನದ ಒಳಗೆ ಬೇಡ ಅಂತ ವಾಪಸ್ ಮಾಡಬಹುದು. ಫ್ರೀ ಲುಕ್ ಅಂತಾರೆ. ಮೊದಲು 15 ದಿನ ಇತ್ತು, 2024ರಲ್ಲಿ ವಿಮಾ ಪ್ರಾಧಿಕಾರ 30 ಮಾಡಿದೆ. ಅಷ್ಟು ದಿನದ ರಕ್ಷಣೆಯ ಹಣ, ಸ್ಟಾಂಪ್ ಖರ್ಚು ಹಿಡಿದು ಉಳಿದದ್ದು ಕೊಡುತ್ತಾರೆ. ಇವತ್ತೇ ವಿಮಾ ಕಂಪನಿಗೆ ಬರೆಯಿರಿ, ಸಾಲದ ಕಂಪನಿಗೆ ಒಂದು ಪ್ರತಿ ಹಾಕಿ. ಆದರೆ ಒಂದು ಯೋಚನೆ ಮಾಡಿ. ಮನೆಯಲ್ಲಿ ದುಡಿಯುವವರು ನೀವೊಬ್ಬರೇ ಆದರೆ, ಬೇರೆ ಯಾವ ಜೀವ ವಿಮೆಯೂ ಇಲ್ಲದಿದ್ದರೆ, ಒಂದು ಟರ್ಮ್ ಪಾಲಿಸಿಯನ್ನು ನೀವೇ ವಿಚಾರಿಸಿ ಮಾಡಿಸಿಕೊಳ್ಳಿ.

ಮುಂಗಡ ಕಂತು: ಇದನ್ನು ಗಟ್ಟಿಯಾಗಿ ಹಿಡಿಯಿರಿ. 18,000 ಮೊದಲೇ ಇಟ್ಟುಕೊಂಡು ಪೂರ್ತಿ 8 ಲಕ್ಷಕ್ಕೆ ಬಡ್ಡಿ ಹಾಕುವುದು ನ್ಯಾಯ ಅಲ್ಲ ಅಂತ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ ಹೆಸರಿಟ್ಟು ಹೇಳಿದೆ. ದುಡ್ಡು ಬಿಡುಗಡೆ ಆಗುವ ಮೊದಲಿನ ದಿನಗಳಿಗೆ ಬಡ್ಡಿ ಹಾಕುವುದೂ ಅದೇ ಸುತ್ತೋಲೆಯಲ್ಲಿದೆ. ಖಾತೆ ವಿವರದಲ್ಲಿ ಬಡ್ಡಿ ಯಾವ ದಿನದಿಂದ, ಎಷ್ಟು ಅಸಲಿನ ಮೇಲೆ ಶುರುವಾಗಿದೆ ಅಂತ ನೋಡಿ.

ಪ್ರೊಸೆಸಿಂಗ್ ಶುಲ್ಕ ಹಾಳೆಯಲ್ಲಿದೆ, ಸಹಿ ಇದೆ. ಅದನ್ನು ಬಿಟ್ಟುಬಿಡಿ.

ಇನ್ನು ನಿಷ್ಠುರದ ಮಾತು. ಕಾರಿನ ಬೆಲೆ 9 ಲಕ್ಷ 60 ಸಾವಿರ ನೀವು ಒಪ್ಪಿದ್ದು. ಶೋರೂಮಿಗೆ ಅಷ್ಟು ಹೋಗದಿದ್ದರೆ ಉಳಿದದ್ದು ನೀವು ಕೊಡಬೇಕಾಗುತ್ತದೆ. ಆದರೆ ಎಷ್ಟು ಬಾಕಿ, ಯಾಕೆ ಬಾಕಿ ಅಂತ ಅವರು ಬರೆದುಕೊಡಬೇಕು, ನಿಮಗೆ ಹೊಂದಿಸಿಕೊಳ್ಳಲು ಸಮಯ ಕೊಡಬೇಕು. ಗಾಡಿ ಎತ್ತುವ ಹಕ್ಕು ಶೋರೂಮಿಗೆ ಇಲ್ಲ. ಅಡವಾಗಿರುವುದು ಸಾಲ ಕೊಟ್ಟವರಿಗೆ. ನಿಮ್ಮ ಮೊದಲ ಕಂತೇ ಇನ್ನೂ ಬಂದಿಲ್ಲ.

ಕೋರ್ಟ್ ರಸ್ತೆ, ತೀರ್ಥಹಳ್ಳಿ · ಸೋಮವಾರ, ರಾತ್ರಿ 8:15

ನಾನು ವಕೀಲೆ. ಜಾಮೀನಿನ ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸಾಲ ಬಿಡುಗಡೆ ಆದ ಮೇಲೆ ಹೊಸ ಜಾಮೀನುದಾರರನ್ನು ಕೇಳಬಹುದಾ ಅನ್ನೋದು ಒಪ್ಪಂದದಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ಹೋಗುತ್ತದೆ. ಕೆಲವು ಒಪ್ಪಂದಗಳಲ್ಲಿ "ಹೆಚ್ಚಿನ ಭದ್ರತೆ ಕೇಳಬಹುದು" ಅಂತ ಸಾಲು ಇರುತ್ತದೆ. ಇದ್ದರೂ ಕೇಳಬೇಕಾದ್ದು ಸಾಲ ಕೊಟ್ಟವರು, ಕಾರಣ ಸಮೇತ, ಕಾಗದದಲ್ಲಿ. ಶೋರೂಮಿನ ಹುಡುಗ ರಾತ್ರಿ ಫೋನಿನಲ್ಲಿ ಕೇಳಿದರೆ ಅದಕ್ಕೆ ಬೆಲೆ ಇಲ್ಲ. ಭಾವ ಇದ್ದಾರೆ, ಹೈಸ್ಕೂಲ್ ಮೇಷ್ಟ್ರು, ಸಹಿ ಹಾಕಿಬಿಡಲಿ ಅಂತ ಮಾತ್ರ ಹೊರಡಬೇಡಿ. ಜಾಮೀನು ಅಂದರೆ ಸಾಲಗಾರನಷ್ಟೇ ಹೊಣೆ. ನೀವು ಕಟ್ಟದಿದ್ದರೆ ಅವರು ನೇರವಾಗಿ ಭಾವನ ಮನೆಗೇ ಹೋಗಬಹುದು.

ಇನ್ನು ಆ 4 ಖಾಲಿ ಚೆಕ್ಕು. ಸಹಿ ಮಾಡಿ ಖಾಲಿ ಕೊಟ್ಟ ಚೆಕ್ಕನ್ನು ಹಿಡಿದವರು ತುಂಬಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. ಬೌನ್ಸ್ ಆದರೆ ಕ್ರಿಮಿನಲ್ ಕೇಸು. ಚೆಕ್ಕಿನ ನಂಬರುಗಳನ್ನು ಬರೆದು, ಇವು ಈ ಸಾಲದ ಭದ್ರತೆಗೆ ಮಾತ್ರ ಕೊಟ್ಟದ್ದು, ಯಾರ ಹತ್ತಿರ ಇವೆ ಅಂತ ತಿಳಿಸಿ ಅಂತ ಸಾಲದ ಕಂಪನಿಗೆ ಇಮೇಲ್ ಮಾಡಿ. ಶೋರೂಮಿನ ಡ್ರಾಯರಿನಲ್ಲೇ ಉಳಿದಿದ್ದರೆ ವಾಪಸ್ ತಗೊಳ್ಳಿ.

ತುಮರಿ ಟ್ಯಾಕ್ಸಿ · ಸೋಮವಾರ, ರಾತ್ರಿ 9:05

ಗಾಡಿ ಎತ್ತುವ ಮಾತು ಬಂದಿದ್ದಕ್ಕೆ ನನ್ನದೂ ಹೇಳುತ್ತೇನೆ. ಸಿಗಂದೂರು ಸೇತುವೆ ಆಗುವ ಮೊದಲಿನ ಮಾತು. ಹಿನ್ನೀರು ಇಳಿದು ಲಾಂಚಿನಲ್ಲಿ ವಾಹನ ಹತ್ತಿಸುವುದನ್ನು ನಿಲ್ಲಿಸಿದ್ದರು. ಬಾಡಿಗೆ ಸಿಗುವುದು ಕಡಿಮೆ ಆಯಿತು. ಎರಡು ಕಂತು ತಪ್ಪಿತು. ಒಂದು ದಿನ ಸಾಗರದಿಂದ ಬರುವಾಗ ಇಬ್ಬರು ಬೈಕ್ ಅಡ್ಡ ಹಾಕಿದರು. ಒಬ್ಬ ಕಿಟಕಿಯಿಂದ ಕೈ ಹಾಕಿ ಕೀ ಹಿಡಿದುಕೊಂಡ. ಹಿಂದಿನ ಸೀಟಿನಲ್ಲಿ ದೇವಸ್ಥಾನಕ್ಕೆ ಹೊರಟಿದ್ದ ಒಂದು ಕುಟುಂಬ, ಸಣ್ಣ ಮಗು ಅಳುತ್ತಿತ್ತು. ನಾನು ಅವನ ಕೈಯ ಮೇಲೆ ಕೈ ಇಟ್ಟು ಹಾಗೇ ಕೂತೆ. "ಐಡಿ ಕಾರ್ಡ್ ತೋರಿಸಿ, ಕಂಪನಿಯ ಪತ್ರ ತೋರಿಸಿ" ಅಂದೆ. ಎರಡೂ ಇರಲಿಲ್ಲ. 112ಕ್ಕೆ ಫೋನ್ ಮಾಡಿದೆ. ಫೋನ್ ಕಿವಿಗೆ ಇಟ್ಟದ್ದು ನೋಡಿ ಕೈ ಬಿಟ್ಟರು.

ಆಮೇಲೆ ಕಂಪನಿ ಜೊತೆ ಕೂತು ಮಾತಾಡಿ ಬಾಕಿಯನ್ನು ನಾಲ್ಕು ತಿಂಗಳಲ್ಲಿ ಹಂಚಿ ಕಟ್ಟಿದೆ. ಸಾಲ ನನ್ನದೇ, ಕಟ್ಟಲೇಬೇಕು. ಆದರೆ ಆ ಮಗು ಅತ್ತಿದ್ದು ಇನ್ನೂ ಕಿವಿಯಲ್ಲಿದೆ.

ಕೋರ್ಟ್ ರಸ್ತೆ, ತೀರ್ಥಹಳ್ಳಿ · ಸೋಮವಾರ, ರಾತ್ರಿ 9:40

ನೀವು ಮಾಡಿದ್ದು ನೂರಕ್ಕೆ ನೂರು ಸರಿ. ಸಾಲ ವಸೂಲಿಗೆ ಗೂಂಡಾಗಳನ್ನು ಬಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. 2011ರಲ್ಲಿ, ಹಾಗೆ ಬಲವಂತದಿಂದ ಕಾರು ಎತ್ತಿಕೊಂಡ ಪ್ರಕರಣದಲ್ಲಿ ಮತ್ತೆ ಹೇಳಿತು. ಆದರೆ 2020ರಲ್ಲಿ ಬಂದ ಇನ್ನೊಂದು ತೀರ್ಪಿನಲ್ಲಿ, ಹೈರ್ ಪರ್ಚೇಸ್ (ಕಂತು ತೀರುವವರೆಗೆ ಗಾಡಿ ಸಾಲ ಕೊಟ್ಟವರದೇ ಅನ್ನುವ) ಒಪ್ಪಂದ ಇದ್ದು ಕಂತು ತಪ್ಪಿದ್ದರೆ, ಗಾಡಿ ತಗೊಳ್ಳುವ ಮೊದಲು ನೋಟಿಸ್ ಬೇಕೋ ಬೇಡವೋ ಅನ್ನುವುದು ಒಪ್ಪಂದದ ಮಾತಿನ ಮೇಲೆ ನಿಂತಿದೆ ಅಂತಲೂ ಹೇಳಿದೆ. ಹಾಗಾಗಿ "ಯಾರೂ ಮುಟ್ಟುವ ಹಾಗಿಲ್ಲ" ಅಂತ ಧೈರ್ಯದಲ್ಲಿ ಕಂತು ಬಿಡಬೇಡಿ. ಒಪ್ಪಂದದಲ್ಲಿ ನೋಟಿಸಿನ ಅವಧಿ ಎಷ್ಟು, ಗಾಡಿ ಮಾರುವ ಮೊದಲು ಬಾಕಿ ಕಟ್ಟಲು ಕೊನೆಯ ಅವಕಾಶ ಹೇಗೆ ಕೊಡುತ್ತಾರೆ, ಹರಾಜು ಹೇಗೆ ಮಾಡುತ್ತಾರೆ ಅಂತ ಇರಲೇಬೇಕು. ರಿಸರ್ವ್ ಬ್ಯಾಂಕ್ ನಿಯಮ ಅದು. ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಬಂದರೆ ಆ ಹೆಚ್ಚಿನ ಹಣ ಗಾಡಿಯವನದು.

ಟ್ಯಾಕ್ಸಿಯವರಿಗೆ ಒಂದು ವಿಷಯ: ಹಳದಿ ಬೋರ್ಡ್ ಗಾಡಿ ಅಂತ ಗ್ರಾಹಕ ಆಯೋಗ ನಿಮ್ಮನ್ನು ಹೊರಗೆ ಕಳಿಸೋದಿಲ್ಲ. ಸ್ವಂತ ದುಡಿಮೆಗೆ, ಹೊಟ್ಟೆಪಾಡಿಗೆ ತಗೊಂಡದ್ದಾದರೆ ನೀವೂ ಗ್ರಾಹಕರೇ.

ಭದ್ರಾವತಿ ಅಕ್ಕ · ಮಂಗಳವಾರ, ಬೆಳಿಗ್ಗೆ 10:00

ಗಾಡಿ ವಿಮೆ ಬಗ್ಗೆ ಸೇರಿಸುತ್ತೇನೆ. "ನಮ್ಮಲ್ಲೇ ವಿಮೆ ಮಾಡಿಸಬೇಕು, ಇಲ್ಲದಿದ್ದರೆ ಡೆಲಿವರಿ ಇಲ್ಲ" ಅಂತ ನನಗೂ ಅಂದಿದ್ದರು. ಹಾಗೆ ಕಡ್ಡಾಯ ಮಾಡುವಂತಿಲ್ಲ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಬೇಕೇ ಬೇಕು, 2018ರ ಸೆಪ್ಟೆಂಬರ್‌ನಿಂದ ಹಾಗಿದೆ. ಆದರೆ ನಮ್ಮ ಗಾಡಿಯ ಹಾನಿಗೆ ಮಾಡಿಸುವ ವಿಮೆ ಒಂದು ವರ್ಷಕ್ಕೆ ಸಾಕು, ಎಲ್ಲಿ ಬೇಕಾದರೂ ಮಾಡಿಸಬಹುದು. ನಾನು ಹೊರಗಿನಿಂದ ಒಂದು ಕೊಟೇಶನ್ ತಂದು ಮೇಜಿನ ಮೇಲೆ ಇಟ್ಟೆ. ಅಲ್ಲಿಯೇ ಬೆಲೆ ಇಳಿಸಿದರು.

ಶೋರೂಮಿನಲ್ಲಿದ್ದವ · ಮಂಗಳವಾರ, ಬೆಳಿಗ್ಗೆ 11:35

ಅಕ್ಕ ಹೇಳಿದ್ದು ನಿಜ. ಇನ್ನೆರಡು. ಅಡಿಕೆ ಮಾರಿದ ದುಡ್ಡು ಅಂತ ಕೆಲವರು ಚೀಲದಲ್ಲಿ ನಗದು ತರುತ್ತಾರೆ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ, ಆದಾಯ ತೆರಿಗೆ ಕಾನೂನು. ಕಡಿಮೆ ಇದ್ದರೂ ನಗದು ಕೊಡಬೇಡಿ, ಲೆಕ್ಕಕ್ಕೆ ಸಿಗೋದಿಲ್ಲ. 10 ಲಕ್ಷ ಮೀರಿದ ಕಾರಿಗೆ 1 ಪರ್ಸೆಂಟ್ ತೆರಿಗೆ ಅಂತ ಹಿಡಿಯುತ್ತಾರಲ್ಲ, ಅದು ನಿಮ್ಮ ಪ್ಯಾನ್ ಮೇಲೆ ಜಮೆ ಆಗುತ್ತದೆ. ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ. ತೋಟದ ಆದಾಯ ಒಂದೇ ಇರುವವರು ರಿಟರ್ನ್ ಹಾಕದೆ ಇದನ್ನು ಬಿಟ್ಟುಬಿಡುತ್ತಾರೆ.

ನಿವೃತ್ತ ಬ್ಯಾಂಕಿನವ, ಸಾಗರ · ಮಂಗಳವಾರ, ಮಧ್ಯಾಹ್ನ 12:20

ತೋಟದವರಿಗೆ ನನ್ನದೂ ಒಂದು ಮಾತು. ರಿಟರ್ನ್ ಇಲ್ಲ ಅಂತ ಬ್ಯಾಂಕ್ ಸಾಲ ಕೊಡೋದಿಲ್ಲ ಅಂದುಕೊಂಡು ನೇರ ಶೋರೂಮಿನ ಮೇಜಿಗೆ ಹೋಗುತ್ತೀರಿ. ಪಹಣಿ, ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸ್‌ನಲ್ಲೋ ಎಪಿಎಂಸಿಯಲ್ಲೋ ಅಡಿಕೆ ಹಾಕಿದ ಎರಡು ಮೂರು ವರ್ಷದ ಬಿಲ್ಲು, ಖಾತೆಯ ಪಾಸ್‌ಬುಕ್ ಹಿಡಿದು ನಿಮ್ಮ ಬ್ಯಾಂಕಿನ ಮ್ಯಾನೇಜರ್ ಹತ್ತಿರ ಮೊದಲು ಹೋಗಿ. ಪಹಣಿ ಅಪ್ಪನ ಹೆಸರಿನಲ್ಲಿದ್ದರೆ ಅಪ್ಪನನ್ನೇ ಸಹ ಸಾಲಗಾರ ಮಾಡಬಹುದು. ಕೊಯ್ಲು ಮುಗಿದು ದುಡ್ಡು ಬರುವ ಹೊತ್ತಿಗೆ, ವರ್ಷಕ್ಕೆ ಎರಡು ದೊಡ್ಡ ಕಂತು ಮಾಡಿಕೊಡಿ ಅಂತಲೂ ಕೇಳಿ. ನಾನು ಕೆಲಸದಲ್ಲಿದ್ದಾಗ ಹಾಗೆ ಮಾಡಿಕೊಟ್ಟಿದ್ದೇನೆ. ಅಡಿಕೆ ತಿಂಗಳ ಸಂಬಳ ಅಲ್ಲ. ಕೊಳೆ ರೋಗ ಬಂದ ವರ್ಷ ಜುಲೈ ಕಂತಿಗೆ ಮನೆಯವರು ಏನು ಪಾಡು ಪಡುತ್ತಾರೆ ಅಂತ ನಾನು ಕೌಂಟರಿನ ಈ ಕಡೆಯಿಂದ ನೋಡಿದ್ದೇನೆ.

ಕೊಪ್ಪದ ಟೀಚರ್ · ಮಂಗಳವಾರ, ಸಂಜೆ 6:30

ಸಾಲ ತೀರಿದ ಮೇಲಿನ ಕಥೆ ನನ್ನದು. ಕಂತು ಎಲ್ಲ ಮುಗಿದು ಎಂಟು ತಿಂಗಳಾದರೂ ಎನ್‌ಒಸಿ, ಅಂದರೆ ಬಾಕಿ ಏನೂ ಇಲ್ಲ ಅನ್ನೋ ಪತ್ರ ಕೊಡಲಿಲ್ಲ. ಇಲ್ಲಿ ಯಾರಿಗಾದರೂ ಹಾಗೆ ಆಗಿದೆಯಾ? ಕೊನೆಗೆ ನನಗೆ ಸಿಕ್ಕಿತು, ಫಾರಂ 35 ಎರಡು ಪ್ರತಿ ಕೊಟ್ಟರು. ಆರ್‌ಟಿಒದಲ್ಲಿ ಹೆಸರು ತೆಗೆಸಿದೆ. ವಿಮೆಯಲ್ಲೂ ಸಾಲದವರ ಹೆಸರು ತೆಗೆಸಬೇಕು ಅಂತ ಆಮೇಲೆ ಗೊತ್ತಾಯಿತು.

ಕೋರ್ಟ್ ರಸ್ತೆ, ತೀರ್ಥಹಳ್ಳಿ · ಮಂಗಳವಾರ, ರಾತ್ರಿ 8:50

ಟೀಚರ್, ನೀವು ಅಷ್ಟು ಕಾಯಬೇಕಿರಲಿಲ್ಲ. 2023ರ ಡಿಸೆಂಬರ್ 1ರ ನಂತರ ವೈಯಕ್ತಿಕ ಸಾಲ ಪೂರ್ತಿ ತೀರಿದರೆ 30 ದಿನದೊಳಗೆ ಮೂಲ ದಾಖಲೆ ವಾಪಸ್ ಕೊಟ್ಟು, ನೋಂದಣಿಯಲ್ಲಿರುವ ಹೊಣೆಯನ್ನು ತೆಗೆಸಬೇಕು. ತಡ ಅವರಿಂದಲೇ ಆದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಸ್ವಂತ ಬಳಕೆಯ ಕಾರಿನ ಸಾಲವೂ ರಿಸರ್ವ್ ಬ್ಯಾಂಕಿನ ವೈಯಕ್ತಿಕ ಸಾಲದ ಪಟ್ಟಿಯಲ್ಲಿ ಬರುತ್ತದೆ. ಇದನ್ನು ಬರೆದು ಕೇಳಿ.

ಎಲ್ಲರಿಗೂ ಹೇಳುತ್ತೇನೆ. ದೂರನ್ನು ಮೊದಲು ಸಾಲದ ಕಂಪನಿಗೇ ಬರೆದು ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸುವ ಅಧಿಕಾರಿ ಇದ್ದಾರೆ. ಖರ್ಚಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448. ಶೋರೂಮಿನ ಮೇಲೆ ದೂರು ಇದ್ದರೆ ಗ್ರಾಹಕ ಸಹಾಯವಾಣಿ 1915. ಊರಿನ ಪತ್ತಿನ ಸಂಘ, ಸೌಹಾರ್ದ ಸಂಘದ ಸಾಲ ಆದರೆ ಒಂಬುಡ್ಸ್‌ಮನ್ ಹತ್ತಿರ ಹೋಗೋದಿಲ್ಲ, ಅದು ಸಹಕಾರ ಇಲಾಖೆಯ ದಾರಿ.

ಅದೂ ಆಗದಿದ್ದರೆ ಶಿವಮೊಗ್ಗದಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾನೂನಿನ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ಎರಡು ವರ್ಷದ ಒಳಗೆ ಹಾಕಬೇಕು. ಚೆನ್ನೈಯಿಂದಲೋ ಮುಂಬೈಯಿಂದಲೋ ಮಧ್ಯಸ್ಥಿಕೆಯ (ಕೋರ್ಟಿನ ಬದಲು ಮಧ್ಯಸ್ಥಗಾರರ ಮುಂದೆ ತೀರ್ಮಾನದ) ನೋಟಿಸ್ ಬಂದರೆ ಹೆದರಬೇಡಿ. ಒಪ್ಪಂದದಲ್ಲಿ ಮಧ್ಯಸ್ಥಿಕೆ ಅಂತ ಬರೆದಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚೋದಿಲ್ಲ, 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆ ನೋಟಿಸನ್ನು ಅಟ್ಟದ ಮೇಲೆ ಹಾಕಬೇಡಿ. ಉತ್ತರ ಕೊಡದಿದ್ದರೆ ನಿಮ್ಮ ಮಾತು ಕೇಳದೆಯೇ ಆದೇಶ ಆಗಿಬಿಡುತ್ತದೆ. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಲಕೋಟೆ ಒಡೆದೇ ಇರುವುದಿಲ್ಲ.

ಹೊಸನಗರ ತೋಟ · 26 ದಿನದ ನಂತರ, ಭಾನುವಾರ, ಬೆಳಿಗ್ಗೆ 7:20

ಎಲ್ಲರಿಗೂ ತಿಳಿಸಬೇಕು ಅಂತ ಬರೆಯುತ್ತಿದ್ದೇನೆ.

ಜೀವ ವಿಮೆ ರದ್ದಾಯಿತು. 31,500ರಲ್ಲಿ 30,860 ನನ್ನ ಖಾತೆಗೆ ಬಂತು. ಮುಂಗಡ ಕಂತಿನ ಬಗ್ಗೆ ಸಾಲದ ಕಂಪನಿಗೆ ಸುತ್ತೋಲೆಯ ದಿನಾಂಕ ಹಾಕಿ ಬರೆದಿದ್ದೆ. ಹೊಸ ಖಾತೆ ವಿವರ ಕಳಿಸಿದ್ದಾರೆ. ಮೊದಲ ದಿನದಿಂದಲೇ ಅಸಲನ್ನು 7,82,000 ಅಂತ ಹಿಡಿದಿದ್ದಾರೆ. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕನ್ನಡದಲ್ಲಿ ಬಂತು. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

ಜಾಮೀನಿನ ಮಾತು ಮತ್ತೆ ಬಂದಿಲ್ಲ. ನಮಗೆ ಅಂಥ ಯಾವ ಬೇಡಿಕೆಯೂ ಇಲ್ಲ ಅಂತ ಸಾಲದ ಕಂಪನಿಯವರು ಇಮೇಲ್ ಮಾಡಿದ್ದಾರೆ. ಎರಡು ಚೆಕ್ಕು ಶೋರೂಮಿನಲ್ಲೇ ಇತ್ತು. ವಾಪಸ್ ತಂದೆ.

ಶೋರೂಮಿನವರು ಕೊನೆಗೂ ಲೆಟರ್‌ಹೆಡ್‌ನಲ್ಲಿ 58,940 ಬಾಕಿ ಅಂತ ಬರೆದುಕೊಟ್ಟರು. ವಿಮೆಯಿಂದ ಬಂದ ಹಣ ಸೇರಿಸಿ 35 ಸಾವಿರ ಬ್ಯಾಂಕಿನ ಮೂಲಕ ಕಟ್ಟಿದೆ, ರಸೀದಿ ಇದೆ. ಉಳಿದದ್ದು ಜನವರಿಯಲ್ಲಿ, ಅಡಿಕೆ ಹಾಕಿದ ಮೇಲೆ. ಅದಕ್ಕೂ ಒಪ್ಪಿ ಸಹಿ ಹಾಕಿದ್ದಾರೆ. ಬಡ್ಡಿ ಮಾತ್ರ ಅಷ್ಟೇ ಇದೆ, ಇಳಿದಿಲ್ಲ. ಒಂದು ವರ್ಷ ಕಟ್ಟಿ ಬೇರೆ ಬ್ಯಾಂಕಿಗೆ ವರ್ಗ ಮಾಡಿಸಬಹುದಾ ಅಂತ ನೋಡಬೇಕು.

ನಿವೃತ್ತ ಬ್ಯಾಂಕಿನವ, ಸಾಗರ · ಭಾನುವಾರ, ಬೆಳಿಗ್ಗೆ 8:40

ಓದಿ ಮನಸ್ಸಿಗೆ ಸಮಾಧಾನ ಆಯಿತು. ವರ್ಗ ಮಾಡಿಸುವ ಮೊದಲು ಅವಧಿಗೆ ಮುಂಚೆ ತೀರಿಸಿದರೆ ಎಷ್ಟು ಶುಲ್ಕ ಅಂತ ಆ ಹಾಳೆಯಲ್ಲೇ ನೋಡಿ. ಬದಲಾಗುವ ಬಡ್ಡಿಯ ಸಾಲಗಳಿಗೆ 2026ರ ಜನವರಿ 1ರಿಂದ ಮಂಜೂರಾದರೆ ಜನರ ಹತ್ತಿರ ಆ ಶುಲ್ಕ ತಗೊಳ್ಳುವಂತಿಲ್ಲ. ನಿಮ್ಮದು ಸ್ಥಿರ ಬಡ್ಡಿ, ಅದಕ್ಕಿಂತ ಮೊದಲಿನದು. ಹಾಗಾಗಿ ಶುಲ್ಕ ಕಳೆದ ಮೇಲೂ ಲಾಭ ಉಳಿಯುತ್ತದಾ ಅಂತ ಲೆಕ್ಕ ಹಾಕಿಯೇ ಹೋಗಿ. ಲೆಕ್ಕಕ್ಕೆ ನಾನಿದ್ದೇನೆ.

ಸೊರಬದ ಹುಡುಗಿ · ಭಾನುವಾರ, ಬೆಳಿಗ್ಗೆ 11:15

ಮೂರು ದಿನದಿಂದ ಇದನ್ನೇ ಓದುತ್ತಿದ್ದೇನೆ. ಮಂಗಳವಾರ ಅಪ್ಪನ ಜೊತೆ ಶಿವಮೊಗ್ಗಕ್ಕೆ ಕಾರು ಬುಕ್ ಮಾಡಲು ಹೊರಟಿದ್ದೇವೆ. ಅವರು ಚೆಕ್ಕು ಕೇಳಿದರೆ ಕೊಡಲೇಬಾರದಾ? ಅಪ್ಪ ಮೇಜಿನ ಮುಂದೆ ಕೂತರೆ ಇಲ್ಲ ಅನ್ನೋದೇ ಇಲ್ಲ.

ಹೊಸನಗರ ತೋಟ · ಭಾನುವಾರ, ಬೆಳಿಗ್ಗೆ 11:40

ಕೊಡಲೇಬೇಕಾದರೆ ಸಾಲದ ಕಂಪನಿಯ ಹೆಸರು ಬರೆದು, ಅಡ್ಡಗೆರೆ ಎಳೆದು, ಹಿಂದೆ ಅರ್ಜಿ ಸಂಖ್ಯೆ ಹಾಕಿ ಫೋಟೋ ತೆಗೆದು ಕೊಡಿ. ಖಾಲಿ ಬೇಡ. ಸಾಲದ ಹಾಳೆಯನ್ನು ಕನ್ನಡದಲ್ಲಿ ಕೇಳಿ, ಮನೆಗೆ ತಗೊಂಡು ಬನ್ನಿ. ಆ ದಿನ ಸಹಿ ಬೇಡ.

ಮಂಗಳವಾರ ಅಪ್ಪನ ತಪಾಸಣೆ ಇದೆ, ನಾನೂ ಶಿವಮೊಗ್ಗದಲ್ಲೇ ಇರುತ್ತೇನೆ. ಹನ್ನೊಂದೂವರೆಗೆ ಆಸ್ಪತ್ರೆ ಮುಗಿಯುತ್ತದೆ. ಬೇಕಾದರೆ ಗೋಪಿ ಸರ್ಕಲ್ ಹತ್ತಿರ ಸಿಗಿ, ನಿಮ್ಮ ಅಪ್ಪನ ಪಕ್ಕ ನಾನೂ ಕೂರುತ್ತೇನೆ.